ಹಳೇ ಟೇಪಿನ ವೇಗ, ಲೈನಿನ ವೇಗ: ಎರಡನ್ನೂ ಒಂದೇ ಅಳತೆಗೆ ತರುವ ಲೆಕ್ಕ

"ಸರ, ಲೈನ್ ನೂರ್ ಎಂಬಿ ಅಂತ ಹೇಳಿ ಹಚ್ಚಿ ಹೋಗ್ಯಾರ. ಕಂಪ್ಯೂಟರ್ ನೋಡಿದ್ರ ಹನ್ನೊಂದ ತೋರಸ್ತೈತಿ. ಉಳಿದದ್ದು ಎಲ್ಲಿ ಹೋತ್ರೀ?"

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಟೇಪು, ಸಿಡಿ, ಸರ್ವರ್ ಡಿಸ್ಕುಗಳಿಂದ ಡೇಟಾ ತೆಗೆದು ಹೊಸ ಜಾಗಕ್ಕೆ ಸಾಗಿಸಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಪತ್ತಿನ ಸಂಘದ ಕಾರ್ಯದರ್ಶಿ ಕೇಳುತ್ತಾರೆ, ಮದುವೆ ಫೋಟೋ ಸ್ಟುಡಿಯೋದವರು ಕೇಳುತ್ತಾರೆ, ಗೋಕುಲ ರಸ್ತೆಯಲ್ಲಿ ಕಂಪ್ಯೂಟರಿನ ಅಪ್ಪಣೆಯಂತೆ ಲೋಹ ಕೊರೆಯುವ ಹಳೇ ಸಿಎನ್‌ಸಿ ಯಂತ್ರ ಓಡಿಸುವವರು ಕೇಳುತ್ತಾರೆ, ಹಿರಿಯರ ಗಾಯನದ ಧ್ವನಿಮುದ್ರಣ ಕಾಪಾಡಿಕೊಂಡು ಬಂದ ಧಾರವಾಡದ ಮನೆಯವರೂ ಕೇಳುತ್ತಾರೆ. ಡೇಟಾ ಇರುವ ಸಾಧನದ ಮೇಲೆ ವೇಗವನ್ನು ಒಂದು ಅಳತೆಯಲ್ಲಿ ಬರೆದಿರುತ್ತಾರೆ, ಅದು ಸಾಗಬೇಕಾದ ಲೈನಿನ ವೇಗವನ್ನು ಮತ್ತೊಂದು ಅಳತೆಯಲ್ಲಿ. ಎರಡೂ ಒಂದೇ ತಕ್ಕಡಿಗೆ ಬರುವ ತನಕ "ಎಷ್ಟು ತಾಸು ಹಿಡೀತೈತಿ" ಎಂಬುದಕ್ಕೆ ಉತ್ತರವಿಲ್ಲ.

ಬಹಳ ಜನ ಅಂತರ್ಜಾಲದ ಪರಿವರ್ತಕದಲ್ಲಿ ಅಂಕಿ ಹಾಕಿ ಬಂದ ಉತ್ತರ ಬರೆದುಕೊಂಡು ಬರುತ್ತಾರೆ. ಗುಣಾಕಾರ ಭಾಗಾಕಾರದಲ್ಲಿ ಅದು ತಪ್ಪುವುದಿಲ್ಲ, ಆದರೆ ನೀವು ಹಾಕಿದ ಅಂಕಿ ಯಾವ ಜಾತಿಯದು ಎಂಬುದು ಅದಕ್ಕೆ ತಿಳಿಯದು. ಅದನ್ನು ನೀವೇ ತಿಳಿಯಬೇಕು. ಕೈಗೆ ಬಂದ ಪ್ರತಿ ವೇಗದ ಅಂಕಿಗೂ ಮೂರು ಪ್ರಶ್ನೆ ಹಾಕಿ: ಇದು ಬಿಟ್ಟೋ ಬೈಟೋ? ಇಲ್ಲಿ ಕಿಲೋ ಅಂದರೆ 1000ವೋ 1024ವೋ? ಇದು ಚೀಲ ಸಮೇತದ ತೂಕವೋ, ಬರೀ ಕಾಳಿನದೋ? ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದನ್ನು ಕೇಳದೇ ಬಿಟ್ಟಿದ್ದರಿಂದ ಆದವು.

ಬೇಕಾಗುವ ಸಾಮಾನು ಸ್ವಲ್ಪವೇ. ಒಂದು ಹಾಳೆ, ಕ್ಯಾಲ್ಕುಲೇಟರು, ಸಾಧನದ ಲೇಬಲ್ಲಿನ ಮೇಲಿರುವ ಪೂರ್ತಿ ಹೆಸರು, ಲೈನಿನ ಬಿಲ್ಲು ಅಥವಾ ಒಪ್ಪಂದ ಪತ್ರ. ಹೆಸರು ಪೂರ್ತಿ ಬೇಕು. "ಸ್ಕಸಿ ಡಿಸ್ಕ್" (ಹಳೇ ಸರ್ವರುಗಳಲ್ಲಿ ಬಳಸುತ್ತಿದ್ದ ಡಿಸ್ಕ್) ಎಂದಷ್ಟೇ ಬರೆದುಕೊಂಡರೆ ಸೆಕೆಂಡಿಗೆ 5 ಮೆಗಾಬೈಟಿನಿಂದ 320 ಮೆಗಾಬೈಟಿನವರೆಗೆ ಯಾವುದೂ ಆಗಬಹುದು. ಹಾಳೆಯ ಮೇಲೆ "ಸೆಕೆಂಡಿಗೆ ಎಷ್ಟು ಬೈಟ್" ಎಂದು ಒಂದು ಕಾಲಂ ಎಳೆಯಿರಿ. ಪ್ರತಿಯೊಂದನ್ನೂ ಮೊದಲು ಅಲ್ಲಿಗೆ ಇಳಿಸಿ, ಆಮೇಲೆ ಹೋಲಿಸಿ. ಟೇಪಿನ ಅಂಕಿಯಿಂದ ನೇರವಾಗಿ ಟೆಲಿಕಾಂ ಅಂಕಿಗೆ ಜಿಗಿಯಲು ಹೋಗಬೇಡಿ.

ಹಂತ 1: ಬಿಟ್ಟೋ ಬೈಟೋ

ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಟೆಲಿಕಾಂನವರು ತಂತಿಯ ಮೇಲೆ ಹೋಗುವುದನ್ನು ಎಣಿಸುತ್ತಾರೆ, ಹಾಗಾಗಿ ಅವರದು ಬಿಟ್. ಸಂಗ್ರಹ ಸಾಧನದವರು ಕಡತದ ಗಾತ್ರವನ್ನು ಎಣಿಸುತ್ತಾರೆ, ಹಾಗಾಗಿ ಅವರದು ಬೈಟ್.

ಇಂಗ್ಲಿಷಿನಲ್ಲಿ ಬರೆದಾಗ ಒಂದು ಗುರುತು ಇರುತ್ತದೆ: ಸಣ್ಣ ಬಿ ಅಕ್ಷರ ಬಿಟ್ಟಿಗೆ, ದೊಡ್ಡ ಬಿ ಬೈಟಿಗೆ. ನಮ್ಮ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರ ಎಂಬ ಭೇದವೇ ಇಲ್ಲ. ಕನ್ನಡದಲ್ಲಿ ಎರಡೂ "ಎಂಬಿ" ಆಗುತ್ತವೆ, ಮಾತಿನಲ್ಲಂತೂ ಗೊತ್ತಾಗುವುದೇ ಇಲ್ಲ. ಸಂಘದ ಠರಾವಿನಲ್ಲಿ, ಕೊಟೇಶನ್ನಿನಲ್ಲಿ "100 ಎಂಬಿ ಲೈನು" ಎಂದು ಬರೆದು ಮುಂದೆ ತಕರಾರು ಆದದ್ದನ್ನು ಕಂಡಿದ್ದೇನೆ. ಕನ್ನಡದಲ್ಲಿ ಬರೆಯುವಾಗ ದಯವಿಟ್ಟು ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆಯಿರಿ. ಈ ಲೇಖನದಲ್ಲೂ ಹಾಗೇ ಬರೆದಿದ್ದೇನೆ.

ಸಂಗ್ರಹದ ಕಡೆಯೂ ಕೆಲವು ಕಡೆ ಬಿಟ್ ನುಸುಳುತ್ತದೆ ಎಂಬ ಎಚ್ಚರವಿರಲಿ. ಹಳೇ ಸ್ಕಸಿ ಡಿಸ್ಕುಗಳ, ಮನೆ ಕಂಪ್ಯೂಟರಿನ ಹಳೇ ಐಡಿಇ ಡಿಸ್ಕುಗಳ ಹೆಸರಿನಲ್ಲಿರುವ ಅಂಕಿ ಬೈಟಿನದು. ಅಲ್ಟ್ರಾ 320 ಸ್ಕಸಿ ಅಂದರೆ ಸೆಕೆಂಡಿಗೆ 320 ಮೆಗಾಬೈಟ್, ಐಡಿಇಯ ಎಟಿಎ 133 ಅಂದರೆ 133 ಮೆಗಾಬೈಟ್. ಆದರೆ ಅವುಗಳ ನಂತರ ಬಂದ ಸಾಟಾ ಡಿಸ್ಕುಗಳ, ಮತ್ತು ಯುಎಸ್‌ಬಿಯ ಅಂಕಿ ಬಿಟ್ಟಿನದು. ಯುಎಸ್‌ಬಿ 2.0 ಎಂದರೆ 480 ಮೆಗಾಬಿಟ್, ಅಂದರೆ ಕಾಗದದ ಮೇಲೆ 60 ಮೆಗಾಬೈಟ್. ಕೆಲಸದಲ್ಲಿ 30ರಿಂದ 40 ಸಿಕ್ಕರೆ ಸರಿಯಾಗಿಯೇ ನಡೆಯುತ್ತಿದೆ ಎಂದು ತಿಳಿಯಿರಿ.

ಹಂತ 2: ಸಾವಿರವೋ, 1024ವೋ

ಹಳೇ ತೊಲ 11.66 ಗ್ರಾಂ. ಈಗ ಸರಾಫ ಅಂಗಡಿಯಲ್ಲಿ 10 ಗ್ರಾಂಗೇ ತೊಲ ಅನ್ನುತ್ತಾರೆ. ಹೆಸರು ಒಂದೇ, ತೂಕ ಎರಡು. ಕಿಲೋ, ಮೆಗಾ, ಗಿಗಾಗಳ ಕಥೆಯೂ ಇಷ್ಟೇ. ಟೆಲಿಕಾಂನಲ್ಲಿ ಕಿಲೋ ಯಾವಾಗಲೂ 1000. ಡಿಸ್ಕ್ ಮತ್ತು ಟೇಪ್ ತಯಾರಕರದೂ 1000. ಆದರೆ ವಿಂಡೋಸ್ ತನ್ನ ಪರದೆಯ ಮೇಲೆ 1024ರ ಲೆಕ್ಕ ಹಾಕಿ, ಹೆಸರು ಮಾತ್ರ ಗಿಗಾಬೈಟ್ ಎಂದೇ ತೋರಿಸುತ್ತದೆ. 1 ಟೆರಾಬೈಟ್ ಡಿಸ್ಕ್ ಹಚ್ಚಿದಾಗ 931 ಗಿಗಾಬೈಟ್ ಕಾಣುವುದು ಇದರಿಂದಲೇ, ಅಂಗಡಿಯವನು ಮೋಸ ಮಾಡಿದ್ದರಿಂದಲ್ಲ. ಈ ಗೊಂದಲ ಬಿಡಿಸಲೆಂದು 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಗೊತ್ತುಮಾಡಿದರು. ಆಪಲ್ ಕಂಪ್ಯೂಟರುಗಳು 2009ರಿಂದ 1000ದ ಲೆಕ್ಕವನ್ನೇ ತೋರಿಸುತ್ತವೆ.

ಮೇಲೇರಿದಂತೆ ವ್ಯತ್ಯಾಸ ಬೆಳೆಯುತ್ತದೆ. ಕಿಲೋದಲ್ಲಿ ಶೇ. 2.4, ಮೆಗಾದಲ್ಲಿ ಶೇ. 4.9, ಗಿಗಾದಲ್ಲಿ ಶೇ. 7.4, ಟೆರಾದಲ್ಲಿ ಸುಮಾರು ಶೇ. 10. ವಿಂಡೋಸ್ ತೋರಿಸಿದ ಮೆಗಾಬೈಟನ್ನು 1,048,576ರಿಂದ ಗುಣಿಸಿ ಬೈಟಿಗೆ ಇಳಿಸಿದರೆ ಈ ಜಗಳ ಮುಗಿಯಿತು.

ಇಲ್ಲಿ ಗಣಿತ ಚೆನ್ನಾಗಿ ಬಲ್ಲವರೇ ಬೀಳುವ ಒಂದು ಗುಂಡಿ ಇದೆ. ಟೆಲಿಕಾಂನಲ್ಲಿ 64 ಕಿಲೋಬಿಟ್, 2048 ಕಿಲೋಬಿಟ್ ಎಂಬ ಅಂಕಿಗಳು ಬರುತ್ತವೆ. 64, 2048 ಎರಡೂ ಎರಡರ ಘಾತಗಳು. ಆದ್ದರಿಂದ ಇದು ಕಂಪ್ಯೂಟರಿನ ಲೆಕ್ಕವೇ ಇರಬೇಕು ಎಂದುಕೊಂಡು 1024ರಿಂದ ಗುಣಿಸಿಬಿಡುತ್ತಾರೆ. ಅದು ತಪ್ಪು. 64 ಕಿಲೋಬಿಟ್ ಅಂದರೆ ಸರಿಯಾಗಿ 64,000 ಬಿಟ್. ಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಬರೆಯುತ್ತಾರೆ. 8000ವನ್ನು 8ರಿಂದ ಗುಣಿಸಿದರೆ 64,000. ಆ ಅಂಕಿ ಹುಟ್ಟಿದ್ದು ಧ್ವನಿಯಿಂದ, ಕಂಪ್ಯೂಟರಿನ ಸ್ಮೃತಿಯಿಂದಲ್ಲ.

ಫ್ಲಾಪಿಯದು ಇನ್ನೂ ವಿಚಿತ್ರ. 1.44 ಮೆಗಾಬೈಟ್ ಎಂಬ ಅದರ ಹೆಸರು 1000ದ ಲೆಕ್ಕವೂ ಅಲ್ಲ, 1024ರ ಲೆಕ್ಕವೂ ಅಲ್ಲ, ಎರಡರ ಬೆರಕೆ. 2880 ಸೆಕ್ಟರ್ (ತಟ್ಟೆಯ ಮೇಲೆ ಡೇಟಾ ಬರೆಯುವ ಸಣ್ಣ ತುಂಡು), ಒಂದೊಂದರಲ್ಲಿ 512 ಬೈಟ್, ಒಟ್ಟು 14,74,560 ಬೈಟ್. ಇದನ್ನು ಒಮ್ಮೆ 1024ರಿಂದ, ಒಮ್ಮೆ 1000ದಿಂದ ಭಾಗಿಸಿದಾಗ ಮಾತ್ರ 1.44 ಸಿಗುತ್ತದೆ. ಫ್ಲಾಪಿ ಲೆಕ್ಕಕ್ಕೆ ಬಂದಾಗ ಹೆಸರು ಬಿಟ್ಟು ಬೈಟ್ ಸಂಖ್ಯೆಯನ್ನೇ ಹಿಡಿಯಿರಿ.

ಹಂತ 3: ಚೀಲದ ತೂಕ ಕಳೆಯಿರಿ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕ್ಕಡಿ ತೋರಿಸಿದ್ದೆಲ್ಲ ಮೆಣಸಿನಕಾಯಿ ಅಲ್ಲ, ಅದರಲ್ಲಿ ಚೀಲವೂ ಇದೆ. ತಂತಿಯ ಮೇಲೆ ಓಡುವ ಬಿಟ್‌ಗಳಲ್ಲೂ ನಿಮ್ಮ ಡೇಟಾ ಎಷ್ಟು, ಅದನ್ನು ಸುರಕ್ಷಿತವಾಗಿ ಸಾಗಿಸುವ ಹೊದಿಕೆ ಎಷ್ಟು ಎಂದು ಬೇರೆ ಮಾಡಬೇಕು. ಎಂಟರಿಂದ ಭಾಗಿಸಿ ಕೈತೊಳೆದುಕೊಳ್ಳುವವರ ಲೆಕ್ಕ ಕೈಕೊಡುವುದು ಇಲ್ಲೇ. ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಒಂದರ ಹಿಂದೊಂದು ಬಿಟ್ ಕಳಿಸುವ ಹಳೇ ಸೀರಿಯಲ್ ಪೋರ್ಟಿನಿಂದ ಶುರುಮಾಡೋಣ. ಗೋಕುಲ ರಸ್ತೆಯ ಹಳೇ ಸಿಎನ್‌ಸಿ ಯಂತ್ರಗಳಿಗೆ ಇಂದಿಗೂ ಈ ದಾರಿಯಲ್ಲೇ ಪ್ರೋಗ್ರಾಂ ಕಳಿಸುತ್ತಾರೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಪ್ರತಿ ಬೈಟಿನ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್ ಇರುತ್ತದೆ. ಒಂದು ಬೈಟ್ ಸಾಗಲು ಹತ್ತು ಬಿಟ್ ಬೇಕು. 9600ರ ವೇಗವನ್ನು ಎಂಟರಿಂದ ಭಾಗಿಸಿ 1200 ಎನ್ನಬೇಡಿ, ಹತ್ತರಿಂದ ಭಾಗಿಸಿ 960 ಬೈಟ್ ಎನ್ನಿ. ಯಂತ್ರದಲ್ಲಿ ಏಳು ಡೇಟಾ ಬಿಟ್, ಒಂದು ಪ್ಯಾರಿಟಿ, ಎರಡು ಸ್ಟಾಪ್ ಎಂದು ಹೊಂದಿಸಿದ್ದರೆ ಸ್ಟಾರ್ಟ್ ಬಿಟ್ ಸೇರಿ ಅಕ್ಷರಕ್ಕೆ ಹನ್ನೊಂದು ಬಿಟ್, ಆಗ ಸೆಕೆಂಡಿಗೆ 873 ಅಕ್ಷರ ಮಾತ್ರ. ಪ್ಯಾರಿಟಿ ಅಂದರೆ ತಪ್ಪು ಹಿಡಿಯಲು ಸೇರಿಸುವ ಬಿಟ್.

ಮಾಡೆಮ್ ವಿಷಯಕ್ಕೆ ಬಂದರೆ ಬಾಡ್ ಎಂಬ ಮಾತು ತಲೆ ಕೆಡಿಸುತ್ತದೆ. ಸೆಕೆಂಡಿಗೆ ಎಷ್ಟು ಸಲ ಸಂಕೇತ ಬದಲಾಗುತ್ತದೆ ಎಂಬುದೇ ಬಾಡ್. ಸೀರಿಯಲ್ ಕೇಬಲ್ಲಿನಲ್ಲಿ ಒಂದು ಬದಲಾವಣೆಗೆ ಒಂದು ಬಿಟ್, ಹಾಗಾಗಿ ಬಾಡ್ ಮತ್ತು ಬಿಟ್ ಒಂದೇ ಅಂಕಿ. ಫೋನ್ ಮಾಡೆಮ್ಮಿನಲ್ಲಿ ಹಾಗಲ್ಲ. 2400 ಬಿಟ್ಟಿನ ಹಳೇ ಮಾಡೆಮ್ಮು 600 ಬಾಡ್‌ನದು, ಒಂದು ಬದಲಾವಣೆಯಲ್ಲಿ ನಾಲ್ಕು ಬಿಟ್ ಹೊರುತ್ತದೆ. ಲೆಕ್ಕಕ್ಕೆ ಬಿಟ್ಟಿನ ಅಂಕಿಯನ್ನು ತೆಗೆದುಕೊಳ್ಳಿ, ಬಾಡ್ ಅಂಕಿಯನ್ನು ಬಿಡಿ.

ಸಾಟಾ ಡಿಸ್ಕಿನಲ್ಲಿ ಎಂಟು ಬಿಟ್ ಡೇಟಾವನ್ನು ಹತ್ತು ಬಿಟ್ ಮಾಡಿ ಕಳಿಸುವ ಪದ್ಧತಿ ಇದೆ. ಬರೀ ಸೊನ್ನೆ ಅಥವಾ ಬರೀ ಒಂದು ಉದ್ದಕ್ಕೆ ಬಂದರೆ ಆ ಬದಿಯ ಯಂತ್ರಕ್ಕೆ ತಾಳ ತಪ್ಪುತ್ತದೆ, ಅದನ್ನು ತಡೆಯಲು ಈ ಉಪಾಯ. ಆದ್ದರಿಂದ 3 ಗಿಗಾಬಿಟ್ ಸಾಟಾ ಅಂದರೆ 375 ಅಲ್ಲ, 300 ಮೆಗಾಬೈಟ್. 1.5 ಗಿಗಾಬಿಟ್ಟಿಗೆ 150, 6 ಗಿಗಾಬಿಟ್ಟಿಗೆ 600. ಯುಎಸ್‌ಬಿ 3.0ರ 5 ಗಿಗಾಬಿಟ್ ಕೂಡ ಹೀಗೇ 500 ಮೆಗಾಬೈಟ್ ಆಗುತ್ತದೆ. ಹಳೇ ಸ್ಕಸಿ, ಐಡಿಇಗಳಲ್ಲಿ ಈ ಪದ್ಧತಿ ಇಲ್ಲ, ಅಲ್ಲಿ ಹತ್ತರ ಭಾಗಾಕಾರ ಮಾಡಬೇಡಿ. ಆದರೆ ಸ್ಕಸಿಯ 320 ಮೆಗಾಬೈಟ್ ಒಂದು ಡಿಸ್ಕಿನ ಪಾಲಲ್ಲ. ಆ ಕೇಬಲ್ಲಿಗೆ ಹಚ್ಚಿದ ಎಲ್ಲ ಸಾಧನಗಳೂ ಅದನ್ನೇ ಹಂಚಿಕೊಳ್ಳುತ್ತವೆ.

ಈಗ ಮೊದಲ ಪ್ರಶ್ನೆಗೆ ಬರೋಣ. 100 ಮೆಗಾಬಿಟ್ ಲೈನು, ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಈಥರ್ನೆಟ್ಟಿನಲ್ಲಿ (ಕಂಪ್ಯೂಟರಿಗೆ ಹಚ್ಚುವ ನೆಟ್ವರ್ಕ್ ತಂತಿಯಲ್ಲಿ) ಡೇಟಾದ ಒಂದು ಪೂರ್ತಿ ಪೊಟ್ಟಣ ತಂತಿಯ ಮೇಲೆ 1538 ಬೈಟಿನ ಜಾಗ ಹಿಡಿಯುತ್ತದೆ, ಅದರಲ್ಲಿ ನಿಮ್ಮ ಕಡತದ್ದು 1460. ಉಳಿದದ್ದು ವಿಳಾಸ, ತಪಾಸಣೆ ಮತ್ತು ಎರಡು ಪೊಟ್ಟಣಗಳ ನಡುವಿನ ಬಿಡುವು. ಹಾಗಾಗಿ 12.5ರಲ್ಲಿ ಶೇ. 94.9, ಅಂದರೆ 11.87 ಮೆಗಾಬೈಟ್ ಉಳಿಯಿತು. ವಿಂಡೋಸ್ ಇದನ್ನು 1024ರ ಲೆಕ್ಕಕ್ಕೆ ತಿರುಗಿಸಿದಾಗ 11.3 ಆಯಿತು. ಹನ್ನೊಂದು ತೋರಿಸಿದರೆ ನಿಮ್ಮ ಲೈನು ಪೂರ್ತಿ ಕೊಡುತ್ತಿದೆ ಎಂದೇ ಅರ್ಥ. ಕಳವಾದದ್ದು ಏನೂ ಇಲ್ಲ.

ಫೋನಿನ ತಾಮ್ರದ ತಂತಿಯಲ್ಲೇ ಬರುವ ಇಂಟರ್ನೆಟ್, ಅಂದರೆ ಎಡಿಎಸ್‌ಎಲ್ ಇನ್ನೂ ಇರುವವರು ಒಂದು ಮಾತು ನೆನಪಿಡಿ. ಅಲ್ಲಿ ಡೇಟಾ 53 ಬೈಟಿನ ಸಣ್ಣ ಡಬ್ಬಿಗಳಲ್ಲಿ ಹೋಗುತ್ತದೆ, ಡಬ್ಬಿಗೆ 48 ಬೈಟ್ ಮಾತ್ರ ನಿಮ್ಮದು. ಮಾಡೆಮ್ಮು 8 ಮೆಗಾಬಿಟ್ ತೋರಿಸಿದರೂ ಕೈಗೆ ಬರುವುದು 7.2ರ ಒಳಗೆ. ಅದಕ್ಕಿಂತ ದೊಡ್ಡ ಹೊಡೆತ ಬೇರೆ ಇದೆ: 8 ಎಂಬುದು ಇಳಿಸಿಕೊಳ್ಳುವ ವೇಗ, ಕಳಿಸುವ ವೇಗ ಅದರ ಒಂದು ಸಣ್ಣ ಪಾಲು. ಹಳೇ ಡೇಟಾವನ್ನು ಮೇಲಕ್ಕೆ ಕಳಿಸುವ ಕೆಲಸಕ್ಕೆ ಕಳಿಸುವ ಅಂಕಿಯನ್ನೇ ಕೇಳಿ ತಿಳಿಯಿರಿ.

ಹಂತ 4: ಲೈನಿನ ಹೆಸರು ಬಿಡಿಸಿಕೊಳ್ಳಿ

ಹಳೇ ಒಪ್ಪಂದ ಪತ್ರಗಳಲ್ಲಿ ವೇಗ ಇರುವುದಿಲ್ಲ, ಇ1 ಅಥವಾ ಎಸ್‌ಟಿಎಂ-1 ಎಂಬ ಲೈನಿನ ದರ್ಜೆಯ ಹೆಸರಷ್ಟೇ ಇರುತ್ತದೆ. ಎಲ್ಲದರ ಬುಡದಲ್ಲಿ ಆ 64 ಕಿಲೋಬಿಟ್ಟೇ ಇದೆ. ಅಂಥ 32 ಕಾಲುವೆ ಸೇರಿದರೆ ಇ1, ಒಟ್ಟು 2.048 ಮೆಗಾಬಿಟ್. ಒಂದು ಕಾಲುವೆ ತಾಳ ಹಿಡಿಯಲು ಹೋಗುತ್ತದೆ. ಡೇಟಾ ಲೈನಾದರೆ ಉಳಿದ 31ರಿಂದ 1.984 ಮೆಗಾಬಿಟ್, ಅಂದರೆ ಸೆಕೆಂಡಿಗೆ 2,48,000 ಬೈಟ್. ಫೋನಿನ ಲೈನಾದರೆ ಕರೆಗಳ ಸಂಕೇತಕ್ಕೆ ಇನ್ನೊಂದು ಹೋಗಿ, ಮಾತಿಗೆ 30 ಉಳಿಯುತ್ತವೆ.

ಅಮೆರಿಕದ ಕೈಪಿಡಿ ಹಿಡಿದು ಲೆಕ್ಕ ಹಾಕುವವರು ಟಿ1 ಎಂದು ಕಂಡಲ್ಲಿ 1.544 ಮೆಗಾಬಿಟ್ ಬರೆದುಕೊಳ್ಳುತ್ತಾರೆ. ಅದು 24 ಕಾಲುವೆಯದು, ಜೊತೆಗೆ 8 ಕಿಲೋಬಿಟ್ ಹೊದಿಕೆ. ನಮ್ಮ ದೇಶದಲ್ಲಿ ಇರುವುದು ಇ1. ಎರಡೂ ಒಂದೇ ಎಂದು ತಿಳಿದರೆ ಲೆಕ್ಕ ಕಾಲು ಭಾಗ ತಪ್ಪುತ್ತದೆ.

ಎಸ್‌ಟಿಎಂ-1 ಎಂದರೆ 155.52 ಮೆಗಾಬಿಟ್. ಅದನ್ನು 2.048ರಿಂದ ಭಾಗಿಸಿ "ಸುಮಾರು 76 ಇ1 ಹಿಡಿಯುತ್ತವೆ" ಎಂದು ಯೋಜನೆ ಬರೆದರೆ ಕೆಟ್ಟಿತು. ಹಿಡಿಯುವುದು 63 ಮಾತ್ರ. ಇ1ಗಳನ್ನು ಒಂದರೊಳಗೊಂದು ಜೋಡಿಸುವ ವ್ಯವಸ್ಥೆಗೇ ಉಳಿದ ಜಾಗ ಹೋಗುತ್ತದೆ. ಎಸ್‌ಟಿಎಂ-4, ಎಸ್‌ಟಿಎಂ-16 ಇದರ ನಾಲ್ಕು ಪಟ್ಟು, ಹದಿನಾರು ಪಟ್ಟು.

ಹಂತ 5: ಹಳೇ ಸಾಧನದ ನಿಜವಾದ ವೇಗ

ಸಿಡಿ: ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ 75 ಸೆಕ್ಟರ್. ಡೇಟಾ ಸಿಡಿಯಲ್ಲಿ ಸೆಕ್ಟರಿಗೆ 2048 ಬೈಟ್, ಹಾಗಾಗಿ 1,53,600 ಬೈಟ್. ಹಾಡಿನ ಸಿಡಿಯಲ್ಲಿ ಅದೇ ಸೆಕ್ಟರಿಗೆ 2352 ಬೈಟ್, ಆಗ 1,76,400 ಬೈಟ್. ಡೇಟಾ ಸಿಡಿಯಲ್ಲಿ ತಪ್ಪು ತಿದ್ದಲು ಹೆಚ್ಚು ಜಾಗ ಕೊಟ್ಟಿದ್ದರಿಂದ ಈ ಅಂತರ. ಡ್ರೈವಿನ ಮೇಲಿನ 52 ಪಟ್ಟು ಎಂಬುದು ತಟ್ಟೆಯ ಹೊರಅಂಚಿನಲ್ಲಿ ಮಾತ್ರ, ಒಳಗೆ ಅದರ ಅರ್ಧಕ್ಕೂ ಕಡಿಮೆ. ಗೀರು ಬಿದ್ದ ಸಿಡಿಯಲ್ಲಿ ಈ ಅಂಕಿಗಳನ್ನೆಲ್ಲ ಮರೆತುಬಿಡಿ.

ಒಂದು ತಾಸಿನ ಕಛೇರಿಯ ಧ್ವನಿಮುದ್ರಣ ಸಿಡಿ ಗುಣಮಟ್ಟದಲ್ಲಿ 63.5 ಕೋಟಿ ಬೈಟ್ ಆಗುತ್ತದೆ. ಫೋನಿನ ಒಂದೇ ಕಾಲುವೆಯಲ್ಲಿ, ಸೆಕೆಂಡಿಗೆ 8000 ಬೈಟಿನಂತೆ ಕಳಿಸಿದರೆ 22 ತಾಸು. ಇ1ನಲ್ಲಿ ಮುಕ್ಕಾಲು ತಾಸಿಗೂ ಕಡಿಮೆ.

ಫ್ಲಾಪಿಯ ವೇಗ 500 ಕಿಲೋಬಿಟ್ ಎಂದು ಬರೆದಿರುತ್ತದೆ, ಎಂಟರಿಂದ ಭಾಗಿಸಿದರೆ 62,500 ಬೈಟ್. ಸಿಗುವುದು ಅಷ್ಟಲ್ಲ. ತಟ್ಟೆ ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆ, ಸುತ್ತಿಗೆ 18 ಸೆಕ್ಟರ್, ಹಾಗಾಗಿ ಹೆಚ್ಚೆಂದರೆ 46,080 ಬೈಟ್. ಹೆಡ್ಡು ಸರಿಯುವ ಸಮಯ ಬೇರೆ.

ಟೇಪಿನ ವಿಷಯದಲ್ಲಿ ನಿಜಕ್ಕೂ ಎಚ್ಚರ ಬೇಕು. ಎಲ್‌ಟಿಒ ಎಂಬುದು ಬ್ಯಾಕಪ್ ಟೇಪಿನ ಒಂದು ಮಾದರಿ, ಹೆಸರಿನ ಕೊನೆಯ ಅಂಕಿ ಅದರ ತಲೆಮಾರು. ಎಲ್‌ಟಿಒ-3 ಟೇಪಿನ ಮೇಲೆ 800 ಗಿಗಾಬೈಟ್ ಎಂದು ದೊಡ್ಡದಾಗಿ ಕಾಣಬಹುದು. ಅದು ಡೇಟಾ ಅರ್ಧಕ್ಕೆ ಕುಗ್ಗುತ್ತದೆ ಎಂದು ಹಿಡಿದ ಅಂಕಿ. ನಿಜವಾದ ಸಾಮರ್ಥ್ಯ 400 ಗಿಗಾಬೈಟ್, ವೇಗ ಸೆಕೆಂಡಿಗೆ 80 ಮೆಗಾಬೈಟ್. ಎಲ್‌ಟಿಒ-1ಕ್ಕೆ 100 ಗಿಗಾಬೈಟ್, ಎಲ್‌ಟಿಒ-2ಕ್ಕೆ 200, ಎಲ್‌ಟಿಒ-4ಕ್ಕೆ 800. ಸ್ಟುಡಿಯೋದ ಜೆಪೆಗ್ ಫೋಟೋಗಳು ಮೊದಲೇ ಕುಗ್ಗಿದಂಥವು, ಮತ್ತೆ ಕುಗ್ಗುವುದಿಲ್ಲ. ಡ್ರೈವ್ ಕೊಳ್ಳುವ ಮೊದಲು ಇನ್ನೊಂದು ನೋಡಿ: ಎಲ್‌ಟಿಒ-5 ಡ್ರೈವ್ ಎಲ್‌ಟಿಒ-3 ಟೇಪನ್ನು ಓದುತ್ತದೆ, ಎಲ್‌ಟಿಒ-6 ಓದುವುದಿಲ್ಲ.

80 ಮೆಗಾಬೈಟನ್ನು ಟೆಲಿಕಾಂ ಭಾಷೆಗೆ ತಂದರೆ 640 ಮೆಗಾಬಿಟ್. ಈ ಟೇಪನ್ನು ನೇರವಾಗಿ 100 ಮೆಗಾಬಿಟ್ ಲೈನಿಗೆ ಹಚ್ಚಿ ಓದಿಸಬೇಡಿ. ಲೈನು ತೆಗೆದುಕೊಳ್ಳುವಷ್ಟು ನಿಧಾನಕ್ಕೆ ಟೇಪ್ ಓಡಲಾರದು. ಡ್ರೈವು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ, ಮತ್ತೆ ನಿಲ್ಲಿಸುತ್ತದೆ. ಹಳೇ ಟೇಪು ಈ ಎಳೆದಾಟದಲ್ಲಿ ಸವೆಯುತ್ತದೆ, ಅದರಲ್ಲಿರುವ ಡೇಟಾಕ್ಕೆ ಬೇರೆ ಪ್ರತಿ ಇರುವುದಿಲ್ಲ. ಮೊದಲು ವೇಗದ ಡಿಸ್ಕಿಗೆ ಇಳಿಸಿಕೊಂಡು, ಅಲ್ಲಿಂದ ಲೈನಿಗೆ ಬಿಡಿ.

ಹಂತ 6: ಸಮಯ ಕಟ್ಟಿ, ಅತಿ ನಿಧಾನದ ಕೊಂಡಿ ಹುಡುಕಿ

ಕಾಲಂ ಈಗ ತುಂಬಿದೆ. ಒಟ್ಟು ಬೈಟನ್ನು ಅದರಲ್ಲಿನ ಅತಿ ಸಣ್ಣ ಅಂಕಿಯಿಂದ ಭಾಗಿಸಿ. ಒಂದು ಪೂರ್ತಿ ಎಲ್‌ಟಿಒ-3 ಟೇಪು, 400 ಗಿಗಾಬೈಟ್: ಡ್ರೈವಿನಿಂದ ಡಿಸ್ಕಿಗೆ 5000 ಸೆಕೆಂಡ್, ಸುಮಾರು 83 ನಿಮಿಷ. 100 ಮೆಗಾಬಿಟ್ ಲೈನಿನಲ್ಲಿ 9 ತಾಸು 20 ನಿಮಿಷ. ಇ1ನಲ್ಲಿ 18 ದಿನ ದಾಟುತ್ತದೆ.

ಹಾಗಿದ್ದರೆ ಡಿಸ್ಕನ್ನೇ ಚೀಲದಲ್ಲಿ ಹಾಕಿಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದರೆ? ಇದು ತಮಾಷೆಯಲ್ಲ, ನಾನು ಬಹಳ ಸಲ ಇದನ್ನೇ ಸೂಚಿಸುತ್ತೇನೆ. ಮನೆಯಿಂದ ಕಚೇರಿಯ ತನಕ ಒಂದು ತಾಸು ಹಿಡಿಯೋಣ, ಡಿಸ್ಕಿನಲ್ಲಿ 500 ಗಿಗಾಬೈಟ್. ಬಸ್ಸಿನ ವೇಗ ಸೆಕೆಂಡಿಗೆ 1.1 ಗಿಗಾಬಿಟ್ ಆಯಿತು. ಆದರೆ ಡಿಸ್ಕಿಗೆ ತುಂಬುವುದು, ಅಲ್ಲಿ ಇಳಿಸುವುದು ಎರಡನ್ನೂ ಸೇರಿಸಬೇಕು. ಯುಎಸ್‌ಬಿ 2.0ದಲ್ಲಿ 30 ಮೆಗಾಬೈಟಿನಂತೆ ತುಂಬಲು 4 ತಾಸು 38 ನಿಮಿಷ, ಇಳಿಸಲು ಅಷ್ಟೇ. ಒಟ್ಟು ಹತ್ತು ತಾಸು ಚಿಲ್ಲರೆ. ಈಗ ಅದೇ ಬಸ್ಸು 108 ಮೆಗಾಬಿಟ್ಟಿಗೆ ಇಳಿಯಿತು, 100 ಮೆಗಾಬಿಟ್ ಲೈನಿಗೂ ಅದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಯುಎಸ್‌ಬಿ 3.0 ಪೋರ್ಟು ಇದ್ದರೆ ಬಸ್ಸಿಗೇ ಜೈ. ಎರಡು ಪ್ರತಿ ಮಾಡಿ, ಒಂದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹಂತ 7: ಗಡಿಯಾರ ಹಿಡಿದು ಪರೀಕ್ಷಿಸಿ

ಪೂರ್ತಿ ಕೆಲಸ ಶುರುಮಾಡುವ ಮೊದಲು ಒಂದೇ ಒಂದು ದೊಡ್ಡ ಕಡತ, ಎರಡು ಗಿಗಾಬೈಟಿನದಾದರೂ ಸರಿ, ಸಾಗಿಸಿ ನೋಡಿ. ಸಾವಿರ ಸಣ್ಣ ಫೋಟೋಗಳಿಂದ ಪರೀಕ್ಷೆ ಮಾಡಬೇಡಿ, ಪ್ರತಿ ಕಡತ ತೆರೆದು ಮುಚ್ಚುವ ಸಮಯವೇ ಅಲ್ಲಿ ಹೆಚ್ಚು. ಪರದೆಯ ಮೇಲಿನ ವೇಗ ನಂಬದೆ, ಕಡತದ ಬೈಟನ್ನು ಹಿಡಿದ ಸೆಕೆಂಡಿನಿಂದ ಭಾಗಿಸಿ. ಅದನ್ನು ನಿಮ್ಮ ಲೆಕ್ಕದ ಅಂಕಿಯ ಪಕ್ಕ ಬರೆಯಿರಿ.

ಎರಡರ ಅಂತರವೇ ತಪ್ಪು ಎಲ್ಲಿದೆ ಎಂದು ತೋರಿಸುತ್ತದೆ. ಎಂಟು ಪಟ್ಟಿನ ಅಂತರವಿದ್ದರೆ ಹಂತ 1ಕ್ಕೆ ಮರಳಿ. ಶೇ. 5ರಿಂದ 7ರಷ್ಟು ತಪ್ಪಿದ್ದರೆ 1024ರ ಲೆಕ್ಕ ಎಲ್ಲೋ ಸೇರಿದೆ. ಐದರಲ್ಲಿ ಒಂದು ಪಾಲು ಕಡಿಮೆ ಬಂದರೆ ಹತ್ತರಿಂದ ಭಾಗಿಸಬೇಕಾದಲ್ಲಿ ಎಂಟರಿಂದ ಭಾಗಿಸಿದ್ದೀರಿ. ಟೇಪಿನಲ್ಲಿ ಸರಿಯಾಗಿ ಅರ್ಧ ಬಂದರೆ ಲೇಬಲ್ಲಿನ ಕುಗ್ಗಿಸಿದ ಅಂಕಿಯನ್ನು ನಂಬಿದ್ದೀರಿ. ಹಾರ್ಡ್ ಡಿಸ್ಕ್ ಜೋರಾಗಿ ಶುರುವಾಗಿ ಕೊನೆಕೊನೆಗೆ ನಿಧಾನವಾದರೆ ಗಾಬರಿ ಬೇಡ. ಅದು ಹೊರಅಂಚಿನಿಂದ ಒಳಗೆ ಓದುತ್ತದೆ, ಸಿಡಿ ಒಳಗಿನಿಂದ ಹೊರಗೆ. ಇವು ಯಾವುದಕ್ಕೂ ಹೊಂದದೆ ವೇಗ ಏರಿಳಿಯುತ್ತ, ನಡುನಡುವೆ ನಿಲ್ಲುತ್ತಿದ್ದರೆ ಲೆಕ್ಕ ಬದಿಗಿಡಿ: ಸಾಧನ ಸಾಯುತ್ತಿರಬಹುದು. ಮತ್ತೆ ಮತ್ತೆ ಪರೀಕ್ಷೆ ಮಾಡದೆ, ಅದರಲ್ಲಿರುವ ಅತಿ ಮುಖ್ಯವಾದ ಕಡತಗಳನ್ನು ಮೊದಲು ತೆಗೆದುಕೊಳ್ಳಿ.